ತಂತ್ರಜ್ಞಾನ, ನಾವೀನ್ಯ, ಜಾಗತೀಕರಣದ ಬಿಸಿನೆಸ್ ಪುಸ್ತಕಗಳನ್ನು ಓದುವುದು ಹೇಗೆ: ಶಿರಸಿ–ಕಾರವಾರದ ಓದುಗರಿಗೆ ಹಂತ ಹಂತದ ಮಾರ್ಗದರ್ಶಿ

ಬಿಸಿನೆಸ್ ಪುಸ್ತಕ ಕೊಂಡವರಲ್ಲಿ ಅನೇಕರು ಮೂರನೇ ಅಧ್ಯಾಯದ ಹೊತ್ತಿಗೆ ಸುಸ್ತಾಗುತ್ತಾರೆ. ಹಟ ಹಿಡಿದು ಮುಗಿಸಿದವರಿಗೂ ಎರಡು ವಾರದ ಮೇಲೆ ನೆನಪಿರುವುದು ಒಂದೆರಡು ಕಂಪನಿಯ ಹೆಸರು, ಒಂದು ಚಂದದ ಮಾತು ಅಷ್ಟೇ. ಇನ್ನು ಕೆಲವರು ಪುಸ್ತಕದ ಮಾತನ್ನು ಹಾಗೆಯೇ ನಂಬಿ ಅಂಗಡಿಗೋ ತೋಟಕ್ಕೋ ಹಣ ಹಾಕಿ ಕೈ ಸುಟ್ಟುಕೊಳ್ಳುತ್ತಾರೆ. ಮೂವರದೂ ತೊಂದರೆ ಒಂದೇ. ಕಾದಂಬರಿಯ ಹಾಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ, ಲೇಖಕ ಹೇಳಿದ ಕಥೆಯನ್ನೇ ಪುರಾವೆ ಎಂದುಕೊಳ್ಳುತ್ತಾರೆ. ಇಂಗ್ಲಿಷ್ ಕಷ್ಟ ಎನ್ನುವುದು ಆಮೇಲಿನ ಮಾತು. ಕ್ರಮ ಸರಿಯಾದರೆ ಅದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಮೊದಲ ಎರಡು ಹಂತಗಳನ್ನು ಮಾಡದೆ ಹಾರಿಸಿದರೆ ಉಳಿದ ಯಾವುದೂ ಕೆಲಸಕ್ಕೆ ಬರುವುದಿಲ್ಲ.

## ಬೇಕಾದ ಸಾಮಾನು ಮತ್ತು ಸಮಯ

200 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಅಂಟುಚೀಟಿ, ಮೊಬೈಲಿನ ಕ್ಯಾಲ್ಕುಲೇಟರ್, ಇಂಗ್ಲಿಷ್–ಕನ್ನಡ ನಿಘಂಟು. ಇಷ್ಟು ಸಾಕು. ಪೆನ್ನಿನಲ್ಲಿ ಗುರುತು ಹಾಕಬೇಡಿ. ಎರಡನೇ ಓದಿನಲ್ಲಿ ಮೊದಲ ಓದಿನ ಗುರುತುಗಳಲ್ಲಿ ಕಾಲು ಭಾಗವನ್ನಾದರೂ ಅಳಿಸಬೇಕಾಗುತ್ತದೆ. ಗ್ರಂಥಾಲಯದ ಪುಸ್ತಕವಾದರೆ ಪೆನ್ಸಿಲೂ ಬೇಡ, ಚೀಟಿ ಮಾತ್ರ.

300 ಪುಟದ ಪುಸ್ತಕಕ್ಕೆ ನಾಲ್ಕು ವಾರ ಇಟ್ಟುಕೊಳ್ಳಿ. ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ ಎಂದರೆ ಒಟ್ಟು ಸುಮಾರು 13 ಗಂಟೆ. 300 ಪುಟಗಳಲ್ಲಿ ನಿಧಾನವಾಗಿ ಓದಬೇಕಾದವು 180 ಇದ್ದರೆ ಹೆಚ್ಚು. ಪುಟಕ್ಕೆ 3 ನಿಮಿಷದಂತೆ ಅದಕ್ಕೆ 9 ಗಂಟೆ. ಉಳಿದ 4 ಗಂಟೆ ಟಿಪ್ಪಣಿಗೆ, ಲೆಕ್ಕಕ್ಕೆ. ಟಿಪ್ಪಣಿಯ ಸಮಯವನ್ನು ಓದಿಗೆ ಕೊಟ್ಟುಬಿಟ್ಟರೆ ಪುಸ್ತಕ ಮುಗಿಯುತ್ತದೆ, ತಲೆಗೆ ಹತ್ತುವುದಿಲ್ಲ.

ತೋಟದ ಮನೆಯವರು ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಶುರುಮಾಡಬೇಡಿ. ಅಡಿಕೆ ಸುಲಿದು ಬೇಯಿಸುವ ಗಡಿಬಿಡಿಯಲ್ಲಿ ಎರಡು ವಾರ ಬಿಟ್ಟುಹೋಗಿ ಮತ್ತೆ ಮೊದಲಿಂದ ಓದಬೇಕಾಗುತ್ತದೆ. ಕರಾವಳಿಯಲ್ಲಿ ಯಾಂತ್ರೀಕೃತ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿ ಒಳ್ಳೆಯದು, ಬಲೆ ದುರಸ್ತಿಯ ನಡುವೆ ಎರಡು ಪುಸ್ತಕ ಆಗುತ್ತವೆ. ಮಳೆಗಾಲದಲ್ಲಿ ಪುಸ್ತಕವನ್ನು ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

## ಹಂತ 1: ಪುಸ್ತಕ ತೆರೆಯುವ ಮೊದಲು ಪ್ರಶ್ನೆ ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಒಂದು ಪ್ರಶ್ನೆ ಇರಲಿ. "ಜಾಗತೀಕರಣ ಎಂದರೇನು?" ಎಂಬಂಥ ಪ್ರಶ್ನೆಗೆ ಯಾವ ಪುಸ್ತಕ ಬೇಕಾದರೂ ಉತ್ತರ ಕೊಟ್ಟಂತೆ ಕಾಣುತ್ತದೆ, ಹಾಗಾಗಿ ಅದು ಪ್ರಶ್ನೆಯಾಗಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಪ್ರಶ್ನೆಗಳು ಹೀಗಿರುತ್ತವೆ:

"ಶಿರಸಿಯಲ್ಲಿ ಕಾಳುಮೆಣಸಿನ ಧಾರಣೆ ಬೀಳುವ ಮೊದಲು ಯಾವ ಸುಳಿವು ಸಿಗುತ್ತದೆ, ಎಷ್ಟು ತಿಂಗಳು ಮೊದಲು?"

"ಕುಮಟಾದ ಒಂದು ಕಿರಾಣಿ ಅಂಗಡಿ ಫೋನಿನಲ್ಲಿ ಆರ್ಡರ್ ತೆಗೆದುಕೊಂಡು ಮನೆಗೆ ಮುಟ್ಟಿಸಿದರೆ, ಹುಡುಗನ ಸಂಬಳ, ಪೆಟ್ರೋಲ್ ಕಳೆದು ತಿಂಗಳಿಗೆ ಏನು ಉಳಿಯುತ್ತದೆ?"

"ಗೋಕರ್ಣದ ಹೋಮ್‌ಸ್ಟೇಗೆ ಬುಕಿಂಗ್ ಆ್ಯಪ್ ಇಲ್ಲದೆ ಗಿರಾಕಿ ಬರುವಂತೆ ಮಾಡಬಹುದೇ?"

ಮೂರರಲ್ಲೂ ಒಂದು ಜಾಗವಿದೆ, ಒಂದು ವಹಿವಾಟಿದೆ, ಹಣದಲ್ಲೋ ತಿಂಗಳಲ್ಲೋ ಗಿರಾಕಿಗಳ ಸಂಖ್ಯೆಯಲ್ಲೋ ಅಳೆಯಬಹುದಾದ ಉತ್ತರವಿದೆ. ವಿದ್ಯಾರ್ಥಿಗಳಿಗೆ ಸ್ವಂತ ವ್ಯಾಪಾರ ಇರುವುದಿಲ್ಲ. ಅವರು ಮನೆಯ ತೋಟ, ಮಾವನ ಅಂಗಡಿ, ಊರಿನ ಸೊಸೈಟಿ ಯಾವುದಾದರೊಂದನ್ನು ಹಿಡಿದು ಪ್ರಶ್ನೆ ಬರೆದುಕೊಳ್ಳಲಿ.

ಇಲ್ಲಿ ಆಗುವ ತಪ್ಪು: ಐದಾರು ಪ್ರಶ್ನೆ ಬರೆಯುವುದು. ಎರಡನೆಯದು ತೀರಾ ಕಾಡಿದರೆ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಹಾಕಿ, ಮುಂದಿನ ಪುಸ್ತಕಕ್ಕಿರಲಿ.

## ಹಂತ 2: 20 ನಿಮಿಷದ ತಪಾಸಣೆ

ಇದನ್ನು ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ನಿಂತಲ್ಲೇ ಮಾಡಬಹುದು. ಪುಸ್ತಕ ಕೊಳ್ಳುವ ಮೊದಲೇ ಮಾಡಿದರೆ ಹಣವೂ ಉಳಿಯುತ್ತದೆ.

ಮೊದಲು ಹಕ್ಕುಸ್ವಾಮ್ಯದ ಪುಟ. ನಮ್ಮಲ್ಲಿ ಸಿಗುವ ಪ್ರತಿಗಳಲ್ಲಿ ಮರುಮುದ್ರಣದ ವರ್ಷ ಮೇಲೆ ಕಾಣುತ್ತದೆ. ಮೊದಲ ಪ್ರಕಟಣೆಯ ವರ್ಷ ಸಣ್ಣ ಅಕ್ಷರದಲ್ಲಿ ಕೆಳಗಿರುತ್ತದೆ. ನಿಮಗೆ ಬೇಕಾದದ್ದು ಮೊದಲ ಪ್ರಕಟಣೆಯದು. ಕನ್ನಡ ಅನುವಾದವಾದರೆ ಮೂಲ ಪುಸ್ತಕದ ವರ್ಷ ನೋಡಿ, ಅನುವಾದದ ವರ್ಷವಲ್ಲ. ಬೆಂಗಳೂರಿನ ಐಟಿ ಉದ್ಯಮದಿಂದಲೇ ವಾದ ಕಟ್ಟಿದ 'ದಿ ವರ್ಲ್ಡ್ ಈಸ್ ಫ್ಲ್ಯಾಟ್' ಬಂದದ್ದು 2005ರಲ್ಲಿ. ಐಫೋನ್ ಬಂದದ್ದು 2007, ಹಣಕಾಸು ಬಿಕ್ಕಟ್ಟು 2008, ಯುಪಿಐ 2016, ಕೋವಿಡ್ ಲಾಕ್‌ಡೌನ್ 2020. ಇಂಥ ಪುಸ್ತಕ ಓದಬಾರದು ಎಂದಲ್ಲ. ನೋಟ್‌ಬುಕ್ಕಿನಲ್ಲಿ ಪುಸ್ತಕದ ವರ್ಷ ಬರೆದು, ಅದರಾಚೆ ನಡೆದ ನಾಲ್ಕು ದೊಡ್ಡ ಬದಲಾವಣೆಗಳನ್ನು ಪಕ್ಕದಲ್ಲಿ ಬರೆದುಕೊಂಡು ಓದಬೇಕು. ಲೇಖಕನ ಯಾವ ಮಾತು ನಿಂತಿದೆ, ಯಾವುದು ಬಿದ್ದಿದೆ ಎಂದು ಕಾಣುವುದರಿಂದ ಹಳೆಯ ಪುಸ್ತಕ ಎಷ್ಟೋ ಸಲ ಹೊಸದಕ್ಕಿಂತ ಹೆಚ್ಚು ಕಲಿಸುತ್ತದೆ.

ಎರಡನೆಯದು, ಲೇಖಕ ಯಾರು. ಕಂಪನಿ ಕಟ್ಟಿದವರು ಬರೆದರೆ ಒಳಗಿನ ಕೆಲಸದ ವಿವರ ಚೆನ್ನಾಗಿರುತ್ತದೆ, ಅದೃಷ್ಟದ ಪಾಲು ಮತ್ತು ಪಾಲುದಾರರ ಪಾಲು ಕಡಿಮೆ ಕಾಣುತ್ತದೆ. ಸಲಹೆಗಾರರು ಬರೆದರೆ ಚೌಕಟ್ಟು ಚೊಕ್ಕವಾಗಿರುತ್ತದೆ. ಆ ಚೌಕಟ್ಟನ್ನೇ ಅವರು ಮಾರುವುದು ಎಂಬುದು ನೆನಪಿರಲಿ. ಪ್ರಾಧ್ಯಾಪಕರ ಪುಸ್ತಕದಲ್ಲಿ ಪುರಾವೆ ಹೆಚ್ಚು, ಕೈಗೆತ್ತಿಕೊಳ್ಳುವ ಸಲಹೆ ಕಡಿಮೆ. ಪತ್ರಕರ್ತರದ್ದರಲ್ಲಿ ಸೋತವರ ಮಾತೂ ಸಿಗುತ್ತದೆ. ಹೂಡಿಕೆದಾರರು ಬರೆದಿದ್ದರೆ ಅವರು ಹಣ ಹಾಕಿದ ಕಂಪನಿಗಳ ಹೆಸರು ಪುಸ್ತಕದಲ್ಲಿ ಎಷ್ಟು ಸಲ ಬರುತ್ತದೆ ನೋಡಿ.

ಮೂರನೆಯದು, ಹಿಂಬದಿಯ ಟಿಪ್ಪಣಿಗಳು ಮತ್ತು ಪದಸೂಚಿ. ಪದಸೂಚಿಯಲ್ಲಿ ಸಾಲ, ನಷ್ಟ, ಕಾರ್ಮಿಕರು, ಸಬ್ಸಿಡಿ, ಸುಂಕ ಎಂಬ ಐದು ಪದ ಹುಡುಕಿ. ಜಾಗತೀಕರಣದ ಪುಸ್ತಕದಲ್ಲಿ ಸುಂಕದ ಮಾತೇ ಇಲ್ಲದಿದ್ದರೆ ಅದು ನಿಮ್ಮ ಮೆಣಸಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ನಕಲಿ ಪ್ರತಿಗಳಲ್ಲಿ ಟಿಪ್ಪಣಿ, ಪದಸೂಚಿಗಳನ್ನೇ ಕಿತ್ತಿರುವುದುಂಟು, ನಕ್ಷೆಗಳು ಕಪ್ಪು ಕಲೆಯಾಗಿರುತ್ತವೆ. ಬೇರೆ ಬಗೆಯ ಪುಸ್ತಕಕ್ಕೆ ಅದು ನಡೆದೀತು. ಇದಕ್ಕೆ ನಡೆಯುವುದಿಲ್ಲ, ಏಕೆಂದರೆ ಲೇಖಕನ ಮಾತನ್ನು ಪರೀಕ್ಷಿಸುವ ದಾರಿಯೇ ಆ ಪುಟಗಳು.

## ಹಂತ 3: ಅಧ್ಯಾಯಗಳ ಕ್ರಮ ಬದಲಿಸಿ

ಮುನ್ನುಡಿ, ಆಮೇಲೆ ಕೊನೆಯ ಅಧ್ಯಾಯ, ಆಮೇಲೆ ನಿಮ್ಮ ಪ್ರಶ್ನೆಗೆ ಹತ್ತಿರವಾದ ಅಧ್ಯಾಯ, ಆಮೇಲೆ ಉಳಿದವು. ಬಿಸಿನೆಸ್ ಪುಸ್ತಕದ ಮುಖ್ಯ ವಾದ ಸಾಮಾನ್ಯವಾಗಿ ಮುನ್ನುಡಿಯಲ್ಲೇ ಪೂರ್ತಿ ಇರುತ್ತದೆ. ಕೊನೆಯ ಅಧ್ಯಾಯದಲ್ಲಿ ಲೇಖಕ ಎಲ್ಲಿಗೆ ತಲುಪಬೇಕೆಂದಿದ್ದ ಎಂಬುದು ಗೊತ್ತಾಗುತ್ತದೆ. ಎರಡನ್ನೂ ಓದಿ ಪುಸ್ತಕದ ವಾದವನ್ನು ಮೂರು ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಮುಂದೆ ಹೋಗದೆ ಮುನ್ನುಡಿಯನ್ನೇ ಮತ್ತೊಮ್ಮೆ ಓದಿ. ಇಂಗ್ಲಿಷಿನಲ್ಲಿ ಬರೆದರೆ ಲೇಖಕನ ಪದಗಳೇ ನಕಲಾಗುತ್ತವೆ, ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಬಿಡಬಹುದಾದದ್ದು: ಕೃತಜ್ಞತೆ, ಇಪ್ಪತ್ತು ವರ್ಷದ ಮುಂದಿನ ಭವಿಷ್ಯ ಹೇಳುವ ಭಾಗ. ಬಿಡಬಾರದ್ದು: ಮಾಹಿತಿ ಸಂಗ್ರಹಿಸಿದ ವಿಧಾನ ವಿವರಿಸುವ ಅನುಬಂಧ. ಒಣ ಒಣವಾಗಿರುವುದರಿಂದ ಎಲ್ಲರೂ ಅದನ್ನು ಹಾರಿಸುತ್ತಾರೆ. ಕಂಪನಿಗಳನ್ನು ಹೇಗೆ ಆರಿಸಿದರು ಎಂಬುದು ಅಲ್ಲಿ ಮಾತ್ರ ಇರುತ್ತದೆ.

## ಹಂತ 4: ಹೇಳಿಕೆ, ಸಾಕ್ಷ್ಯ, ಷರತ್ತು ಬೇರೆ ಮಾಡಿ

ಇಡೀ ಕೆಲಸದ ತಿರುಳು ಈ ಹಂತ. ಚಾಲಿ, ರಾಶಿ, ಬೆಟ್ಟೆ, ಗೋಟು ಎಂದು ಅಡಿಕೆ ಆರಿಸಿದಂತೆ ವಾಕ್ಯಗಳನ್ನೂ ಆರಿಸಬೇಕು. ಅಂಚಿನಲ್ಲಿ ಮೂರೇ ಅಕ್ಷರ: ಲೇಖಕ "ಹೀಗಿದೆ" ಎನ್ನುವಲ್ಲಿ ಹೇ, ಅದಕ್ಕೆ ಆಧಾರ ಕೊಡುವಲ್ಲಿ ಸಾ, ಯಾವ ಸ್ಥಿತಿಯಲ್ಲಿ ಮಾತ್ರ ಅದು ನಿಜ ಎನ್ನುವಲ್ಲಿ ಷ. ಪುಟಕ್ಕೆ ಮೂರಕ್ಕಿಂತ ಹೆಚ್ಚು ಗುರುತು ಬೇಡ. ಹೈಲೈಟರ್ ಹಿಡಿದು ಇಡೀ ಪುಟ ಹಳದಿ ಮಾಡುವವರಿಗೆ ಎಲ್ಲವೂ ಮುಖ್ಯವಾಗಿ ಕಂಡು ಕೊನೆಗೆ ಯಾವುದೂ ಸಿಗುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. "ಮೊಬೈಲ್ ಬಂದ ಮೇಲೆ ಮೀನುಗಾರರ ಲಾಭ ಹೆಚ್ಚಿತು" ಎಂಬ ಮಾತು ತಂತ್ರಜ್ಞಾನದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದರ ಮೂಲ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನ. ಉತ್ತರ ಕೇರಳದ ತಾರ್ಲೆ ಮೀನುಗಾರಿಕೆಯ ಮೇಲೆ ನಡೆದದ್ದು. 1997ರಿಂದ 2001ರ ನಡುವೆ ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡು ಭಾಗಗಳಿಗೆ ಮೊಬೈಲ್ ಸೇವೆ ಒಂದಾದ ಮೇಲೊಂದು ಬಂತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು, ಗಿರಾಕಿ ಸಿಗದೆ ಮೀನು ಸಮುದ್ರಕ್ಕೆ ಸುರಿಯುವುದು ಹೆಚ್ಚುಕಡಿಮೆ ನಿಂತಿತು.

ಹೇ: ಫೋನಿನಿಂದ ಲಾಭ ಹೆಚ್ಚಿತು.

ಸಾ: ಮೂರು ಭಾಗಗಳಿಗೆ ಸೇವೆ ಬೇರೆ ಬೇರೆ ಕಾಲಕ್ಕೆ ಬಂತು, ಬಂದ ಕಡೆ ಬೆಲೆ ಸಮನಾಯಿತು, ಇನ್ನೂ ಬಾರದ ಕಡೆ ಆಗಲಿಲ್ಲ. ಇದು ಗಟ್ಟಿ ಸಾಕ್ಷ್ಯ. ಒಂದೇ ಊರಿನ ಮೊದಲು–ಆಮೇಲೆ ಹೋಲಿಕೆಗಿಂತ ಎಷ್ಟೋ ಮೇಲು, ಏಕೆಂದರೆ ಆ ವರ್ಷ ಮೀನು ಹೆಚ್ಚು ಸಿಕ್ಕಿತ್ತೇ, ಡೀಸೆಲ್ ಇಳಿದಿತ್ತೇ ಎಂಬ ಸಂಶಯಗಳನ್ನು ಇದು ತಾನೇ ಕಳೆಯುತ್ತದೆ.

ಷ: ಇಲ್ಲಿ ನಿಧಾನಿಸಿ. ದೋಣಿಯವನಿಗೆ ಯಾವ ದಡದಲ್ಲಿ ಬೇಕಾದರೂ ಮಾರುವ ಸ್ವಾತಂತ್ರ್ಯ ಇರಬೇಕು. ಸಿಗ್ನಲ್ ಸಮುದ್ರದವರೆಗೆ ಸಿಗಬೇಕು. ಮೊದಲು ಮಾಹಿತಿ ಇಲ್ಲದ ಸ್ಥಿತಿ ಇದ್ದಿರಬೇಕು.

ಈಗ ಇದನ್ನು ಕಾರವಾರ, ತದಡಿ, ಹೊನ್ನಾವರಕ್ಕೆ ತಂದು ನೋಡಿ. ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡ ಬೋಟಿನವರು ಮೀನನ್ನು ಅವನಿಗೇ ಕೊಡಬೇಕಾದರೆ, ಮಲ್ಪೆಯಲ್ಲಿ ಬಂಗಡೆಗೆ ಎಷ್ಟು ದರ ಎಂದು ಫೋನಿನಲ್ಲಿ ತಿಳಿದರೂ ಏನು ಮಾಡುವುದು? ಬೇರೆ ಬಂದರಿಗೆ ಹೋಗುವ ಡೀಸೆಲ್ಲೂ ಮಂಜುಗಡ್ಡೆಯೂ ದರದ ಹೆಚ್ಚಳವನ್ನು ತಿಂದುಹಾಕಿದರೆ? ಎಲ್ಲಕ್ಕಿಂತ ಮುಖ್ಯ, ಇಂದು ಎಲ್ಲರ ಕೈಯಲ್ಲೂ ಫೋನಿದೆ. ಕೇರಳದ ಆ ಶೇ 8 ಸಿಕ್ಕಿದ್ದು ಫೋನ್ ಇಲ್ಲದಲ್ಲಿಗೆ ಫೋನ್ ಬಂದಾಗ. ಇಂದು ಯಾರಾದರೂ ಮೀನು ಮಾರಾಟದ ಆ್ಯಪ್ ತೋರಿಸಿ ಅದೇ ಅಂಕಿ ಹೇಳಿದರೆ ಅದು ಬೇರೆ ಕಾಲದ, ಬೇರೆ ಸ್ಥಿತಿಯ ಅಂಕಿ.

ಹೀಗೆ ಒಂದು ಪುಸ್ತಕದಲ್ಲಿ ಐದು ಮುಖ್ಯ ಹೇಳಿಕೆ ಬಿಡಿಸಿದರೆ ಸಾಕು. ಐದರಲ್ಲಿ ಎರಡಕ್ಕಾದರೂ ಷ ಸಿಗದಿದ್ದರೆ ಲೇಖಕ ಷರತ್ತುಗಳನ್ನು ಮುಚ್ಚಿಟ್ಟಿದ್ದಾನೆ ಅಥವಾ ಯೋಚಿಸಿಲ್ಲ.

## ಹಂತ 5: ಅಂಕಿಗಳನ್ನು ನಮ್ಮ ಲೆಕ್ಕಕ್ಕೆ ಇಳಿಸಿ

10 ಲಕ್ಷ ಒಂದು ಮಿಲಿಯನ್. 100 ಕೋಟಿ ಒಂದು ಬಿಲಿಯನ್. ಒಂದು ಲಕ್ಷ ಕೋಟಿ ಒಂದು ಟ್ರಿಲಿಯನ್. ಇದನ್ನು ನೋಟ್‌ಬುಕ್ಕಿನ ಒಳಮುಖಕ್ಕೆ ಅಂಟಿಸಿ. ಬಿಲಿಯನ್ನನ್ನು ಹತ್ತು ಕೋಟಿ ಎಂದುಕೊಂಡು ಇಡೀ ಅಧ್ಯಾಯ ತಪ್ಪಾಗಿ ಓದುವವರು ಬಹಳ.

ಡಾಲರ್ ಅಂಕಿ ಬಂದಾಗ ಇಂದಿನ ದರದಲ್ಲಿ ಗುಣಿಸಬೇಡಿ. 2003ರ ಮಾತಾದರೆ ಡಾಲರಿಗೆ ಸುಮಾರು 46 ರೂಪಾಯಿ. ಇಂದಿನ ದರ ಹಾಕಿದರೆ ಆ ಕಾಲದ ಬೆಲೆ ವಿಪರೀತ ಹೆಚ್ಚಾಗಿ ಕಾಣುತ್ತದೆ.

"ಹತ್ತು ವರ್ಷದಲ್ಲಿ ದುಪ್ಪಟ್ಟು" ಎಂದರೆ ವರ್ಷಕ್ಕೆ ಶೇ 7.2ರ ಬೆಳವಣಿಗೆ ಮಾತ್ರ. 72ನ್ನು ವರ್ಷಗಳಿಂದ ಭಾಗಿಸಿದರೆ ಶೇಕಡಾ ಪ್ರಮಾಣ ಹೆಚ್ಚುಕಡಿಮೆ ಸಿಗುತ್ತದೆ. ಹಣದುಬ್ಬರ ಕಳೆದ ಮೇಲೆ ಎಷ್ಟು ಉಳಿಯಿತು ಎಂದು ಕೇಳಿ. ವಹಿವಾಟು ಮತ್ತು ಲಾಭ ಬೇರೆ ಬೇರೆ. ಹೊಸ ಕಂಪನಿಗಳ ಪುಸ್ತಕಗಳಲ್ಲಿ ವಹಿವಾಟಿನ ಏರಿಕೆಯೇ ಎದ್ದು ಕಾಣುತ್ತದೆ, ಲಾಭದ ಅಂಕಿ ಟಿಪ್ಪಣಿಗೆ ಹೋಗಿರುತ್ತದೆ.

ರಫ್ತಿನ ಅಂಕಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ದೇಶದಲ್ಲಿ ಜೋಡಿಸಿದ ಫೋನ್ ಹೊರಗೆ ಹೋದಾಗ ಅದರ ಪೂರ್ತಿ ಬೆಲೆ ಆ ದೇಶದ ರಫ್ತಿಗೆ ಸೇರುತ್ತದೆ. ಚಿಪ್, ಪರದೆ, ಕ್ಯಾಮೆರಾ ಬೇರೆ ದೇಶಗಳಿಂದ ಬಂದಿರುತ್ತವೆ. ಆದ್ದರಿಂದ ರಫ್ತಿನ ಅಂಕಿ ನೋಡಿದಾಗಲೆಲ್ಲ "ಇಲ್ಲಿ ಸೇರಿದ ಮೌಲ್ಯ ಎಷ್ಟು?" ಎಂದು ಅಂಚಿನಲ್ಲಿ ಬರೆಯಿರಿ.

## ಹಂತ 6: ಜಾಗತೀಕರಣದ ಅಧ್ಯಾಯವನ್ನು ಒಂದು ವಸ್ತುವಿನ ಬೆನ್ನು ಹತ್ತಿ ಓದಿ

ಜಾಗತೀಕರಣದ ಪುಸ್ತಕಗಳಲ್ಲಿ ಓದುಗ ದಾರಿ ತಪ್ಪುವುದಕ್ಕೆ ಕಾರಣ, ಎಲ್ಲವೂ ದೊಡ್ಡ ಪದಗಳಲ್ಲಿ ಇರುತ್ತದೆ. ಹಿಡಿದುಕೊಳ್ಳಲು ಒಂದು ಸಾಮಾನು ಬೇಕು. ಘಟ್ಟದ ಮೇಲಿನವರಿಗೆ ವೆನಿಲ್ಲಾಗಿಂತ ಒಳ್ಳೆಯ ಪಾಠವಿಲ್ಲ.

ನೋಟ್‌ಬುಕ್ಕಿನ ಎದುರುಬದುರು ಎರಡು ಪುಟಗಳಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ವರ್ಷ, ಹೊರಗೆ ಏನಾಯಿತು, ಇಲ್ಲಿ ಏನಾಯಿತು, ಎರಡರ ನಡುವಿನ ಕಾಲದ ಅಂತರ ಎಷ್ಟು.

2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರನ್ನು ಅಪ್ಪಳಿಸಿತು. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಅಲ್ಲಿಯದು. ಬೆಲೆ ಏರುತ್ತ ಹೋಗಿ 2003ರಲ್ಲಿ ತುತ್ತತುದಿ ಮುಟ್ಟಿತು. ಮಲೆನಾಡಿನ ತೋಟಗಳಲ್ಲಿ ಬಳ್ಳಿ ಏರಿದ್ದು ಆ ಬೆಲೆ ನೋಡಿ. ನೆಟ್ಟ ವೆನಿಲ್ಲಾ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಹೂ ಅರಳಿದ ದಿನವೇ ಬೆಳಗಿನ ಹೊತ್ತಿನಲ್ಲಿ ಒಂದೊಂದಕ್ಕೂ ಕಡ್ಡಿ ಹಿಡಿದು ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಕಾಯಿ ಬಲಿಯಲು ಇನ್ನೂ ಒಂಬತ್ತು ತಿಂಗಳು, ಆಮೇಲೆ ಸಂಸ್ಕರಣೆಗೆ ಕೆಲವು ತಿಂಗಳು. ಅಷ್ಟರಲ್ಲಿ ಮಡಗಾಸ್ಕರಿನ ತೋಟ ಚೇತರಿಸಿಕೊಂಡಿತು, ಬೇರೆ ದೇಶಗಳಲ್ಲೂ ನೆಟ್ಟಿದ್ದರು, ದುಬಾರಿ ಬೆಲೆಗೆ ಬೇಸತ್ತ ದೊಡ್ಡ ಖರೀದಿದಾರರು ಕೃತಕ ವೆನಿಲಿನ್‌ಗೆ ಹೊರಳಿದ್ದರು. 2004–05ರಲ್ಲಿ ಬೆಲೆ ಕುಸಿಯಿತು. 2003ರ ಬೆಲೆ ನೋಡಿ ನೆಟ್ಟವರ ಮೊದಲ ಹೂ ಅರಳಿದ್ದು ಕುಸಿತ ಮುಗಿದ ಮೇಲೆ.

ಈ ಕಂಬಸಾಲು ತುಂಬಿದ ಮೇಲೆ ಪುಸ್ತಕದ ಪೂರೈಕೆ ಸರಪಳಿಯ ಅಧ್ಯಾಯಕ್ಕೆ ಮರಳಿ. "ಬೆಲೆಯ ಸಂಕೇತಕ್ಕೆ ಮಾರುಕಟ್ಟೆ ಸ್ಪಂದಿಸುತ್ತದೆ" ಎಂಬ ಮಾತು ಬಂದರೆ ಕೇಳಬೇಕಾದ ಪ್ರಶ್ನೆ ಗೊತ್ತಿರುತ್ತದೆ: ಎಷ್ಟು ತಿಂಗಳಲ್ಲಿ? ಮೊಬೈಲ್ ಕಾರ್ಖಾನೆಗೆ ಒಂದು ಲೆಕ್ಕ, ಬಳ್ಳಿಗೆ ಇನ್ನೊಂದು. ಪರ್ಯಾಯ ವಸ್ತು ಇದೆಯೇ ಎಂಬುದು ಎರಡನೇ ಪ್ರಶ್ನೆ.

ಕಾಳುಮೆಣಸಿಗೆ ಇದೇ ಪಟ್ಟಿ ಮಾಡುವಾಗ ಐದನೆಯ ಕಂಬಸಾಲು ಬೇಕಾಗುತ್ತದೆ: ಸರಕಾರದ ನಿಯಮ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದು 2000ದಲ್ಲಿ. ವಿಯೆಟ್ನಾಂ ಈ ಶತಮಾನದ ಆರಂಭದಲ್ಲೇ ಜಗತ್ತಿನ ಅತಿದೊಡ್ಡ ಮೆಣಸು ರಫ್ತುದಾರನಾಯಿತು. ಆ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಕಡಿಮೆ ಸುಂಕಕ್ಕೆ ಒಳಬರುತ್ತದೆ ಎಂದು ಬೆಳೆಗಾರರು ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗದ ಮಾಲು ಒಳಬರದಂತೆ ತಡೆಯುವ ಬೆಲೆ, ನಿಗದಿ ಮಾಡಿತು. ಅಡಿಕೆಗೆ 2023ರ ಫೆಬ್ರುವರಿಯಲ್ಲಿ ಅದನ್ನು 251ರಿಂದ 351ಕ್ಕೆ ಏರಿಸಿದರು. ಗಡಿಗಳು ಕರಗಿಹೋಗುತ್ತಿವೆ ಎಂದು ಪುಸ್ತಕ ಹೇಳಿದಾಗ ಈ ಅಂಕಿಗಳನ್ನು ಪಕ್ಕದಲ್ಲಿಟ್ಟು ಓದಿ.

ಕಾರವಾರ–ಅಂಕೋಲಾದವರು ಬೇಲೆಕೇರಿ ಬಂದರಿನ ಕಬ್ಬಿಣದ ಅದಿರನ್ನು ಹಿಡಿಯಬಹುದು. ಚೀನಾದ ಉಕ್ಕಿನ ಬೇಡಿಕೆ, ಬಳ್ಳಾರಿಯ ಅದಿರು, ಘಟ್ಟ ಇಳಿದ ಲಾರಿಗಳ ಸಾಲು, 2010ರಲ್ಲಿ ರಾಜ್ಯ ಸರಕಾರದ ಅದಿರು ರಫ್ತು ನಿಷೇಧ. ಬೇಡಿಕೆ ಇದ್ದಾಗ ಊರಿಗೆ ಬಂದ ಹಣ ಯಾವ ಕೈಗಳಿಗೆ ಹೋಯಿತು, ನಿಂತಾಗ ಸಾಲದ ಲಾರಿ ಯಾರ ಅಂಗಳದಲ್ಲಿ ಉಳಿಯಿತು ಎಂಬುದನ್ನು ಊರಿನಲ್ಲೇ ಕೇಳಿ ತುಂಬಬಹುದು. ಹೀಗೆ ಕೇಳಿ ತುಂಬಿದ ಸಾಲುಗಳು ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ.

## ಹಂತ 7: ನಾವೀನ್ಯದ ಅಧ್ಯಾಯದಲ್ಲಿ ಸೋತವರನ್ನು ಹುಡುಕಿ

ಮೊದಲು ಗಮನಿಸಬೇಕಾದದ್ದು, ಬದಲಾದದ್ದು ಯಂತ್ರವೋ ವ್ಯವಸ್ಥೆಯೋ. 1956ರ ಏಪ್ರಿಲ್‌ನಲ್ಲಿ 'ಐಡಿಯಲ್ ಎಕ್ಸ್' ಹಡಗು ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ 58 ಕಂಟೇನರ್ ಹೊತ್ತು ಹೋಯಿತು. ಕಂಟೇನರ್ ಎಂದರೆ ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಹೊಸ ವಿಜ್ಞಾನವಿರಲಿಲ್ಲ. ಸರಕು ಇಳಿಸಿ ಏರಿಸುವ ಖರ್ಚು ಇಳಿದದ್ದೇ ವ್ಯಾಪಾರವನ್ನು ಬದಲಿಸಿತು. ಕೊಂಕಣ ರೈಲ್ವೆ 1999ರಲ್ಲಿ ಲಾರಿಗಳನ್ನೇ ರೈಲಿಗೆ ಹತ್ತಿಸಿ ಒಯ್ಯುವ ರೋ-ರೋ ಸೇವೆ ಶುರುಮಾಡಿದ್ದೂ ಇಂಥದ್ದೇ. ಸಣ್ಣ ವ್ಯಾಪಾರಿಗೆ ಕೈಗೆಟುಕುವುದು ಬಹುಪಾಲು ವ್ಯವಸ್ಥೆಯ ಬದಲಾವಣೆ, ಹಾಗಾಗಿ ಅಂಥ ಉದಾಹರಣೆಗಳಿಗೆ ಪ್ರತ್ಯೇಕ ಚೀಟಿ ಅಂಟಿಸಿ.

ಆಮೇಲೆ ಸೋತವರ ಪಟ್ಟಿ. ಗೆದ್ದ ಕಂಪನಿಗಳಲ್ಲಿ ಸಮಾನವಾಗಿ ಕಂಡ ಗುಣಗಳನ್ನು ಲೇಖಕ ಎಣಿಸಿದ್ದರೆ, ಅದೇ ಗುಣವಿದ್ದೂ ಮುಳುಗಿದವರು ಎಷ್ಟು ಎಂದು ಕೇಳಿ. 2001ರ 'ಗುಡ್ ಟು ಗ್ರೇಟ್' ಎಂಬ ಪುಸ್ತಕ 11 ಕಂಪನಿಗಳನ್ನು ಆರಿಸಿತ್ತು, ಹೋಲಿಕೆಗೆ ಬೇರೆ ಕಂಪನಿಗಳನ್ನೂ ಇಟ್ಟುಕೊಂಡಿತ್ತು. ಇಷ್ಟು ಶ್ರಮವನ್ನು ಎಲ್ಲ ಪುಸ್ತಕಗಳೂ ತೆಗೆದುಕೊಳ್ಳುವುದಿಲ್ಲ. ಆದರೂ ಆ ಹನ್ನೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು; ಅದೇ ವರ್ಷ ಮನೆ ಸಾಲದ ಕಂಪನಿ ಫ್ಯಾನಿ ಮೇ ಅಮೆರಿಕ ಸರಕಾರದ ಸುಪರ್ದಿಗೆ ಹೋಯಿತು. ಗೆದ್ದ ಮೇಲೆ ಆರಿಸಿ, ಗೆದ್ದ ಮೇಲೆ ಕಾರಣ ಕೇಳಿದರೆ ಸಿಗುವ ಉತ್ತರದ ಮಿತಿ ಇದು.

ಸೋಲಿನ ಕಥೆಯನ್ನೂ ಹಾಗೆಯೇ ನುಂಗಬೇಡಿ. "ಕೊಡಾಕ್ ಡಿಜಿಟಲ್ ಕ್ಯಾಮೆರಾವನ್ನು ಕಡೆಗಣಿಸಿ ಮುಳುಗಿತು" ಎನ್ನುವುದು ಆ ಫೋಟೊ ಫಿಲಂ ಕಂಪನಿಯ ಬಗ್ಗೆ ಎಲ್ಲೆಡೆ ಸಿಗುವ ಮಾತು. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ಮಾಡಿದವರು ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಾಕ್ ಮುಂದಿತ್ತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಫಿಲಂ ರೀಲು, ತೊಳೆಯುವ ರಾಸಾಯನಿಕ, ಕಾಗದದಲ್ಲಿ ಬರುತ್ತಿದ್ದ ಲಾಭ ಕ್ಯಾಮೆರಾ ಮಾರಾಟದಲ್ಲಿ ಬರಲಿಲ್ಲ. ಆಮೇಲೆ ಫೋನು ಆ ಕ್ಯಾಮೆರಾವನ್ನೂ ತಿಂದಿತು. ಅದೇ ವ್ಯಾಪಾರದಲ್ಲಿದ್ದ ಫ್ಯೂಜಿಫಿಲ್ಮ್ ತನ್ನ ರಸಾಯನ ಜ್ಞಾನವನ್ನು ಪರದೆಯ ಪೊರೆಗಳಿಗೆ, ವೈದ್ಯಕೀಯಕ್ಕೆ ಒಯ್ದು ಉಳಿಯಿತು. ಕಡೆಗಣಿಸಿದ್ದೇ ಕಾರಣ ಎಂದು ನಂಬಿದವರು ಹೊಸ ಯಂತ್ರ ಕೊಂಡು ಸುಮ್ಮನಾಗುತ್ತಾರೆ. ಲಾಭ ಯಾವುದರಿಂದ ಬರುತ್ತಿದೆ ಎಂದು ಕೇಳಿದವರು ತಮ್ಮ ಅಂಗಡಿಯ ಖಾತೆ ತೆಗೆದು ನೋಡುತ್ತಾರೆ.

## ಹಂತ 8: ಎದುರು ಪಕ್ಷದ ಒಂದು ಅಧ್ಯಾಯ

ಇಡೀ ಎರಡನೇ ಪುಸ್ತಕ ಬೇಡ. ಮೊದಲ ಪುಸ್ತಕ ಮುಕ್ತ ವ್ಯಾಪಾರವನ್ನು ಹೊಗಳಿದ್ದರೆ ಅದನ್ನು ಟೀಕಿಸುವ ಒಂದು ಪುಸ್ತಕದ ಮುನ್ನುಡಿ ಮತ್ತು ಒಂದು ಅಧ್ಯಾಯ ಓದಿ. ಇಬ್ಬರೂ ಒಪ್ಪುವ ಸಂಗತಿಗಳನ್ನು ಮೊದಲು ಬರೆಯಿರಿ, ಜಗಳ ಆಮೇಲೆ. ಹಲವು ಸಲ ಸಂಗತಿಯಲ್ಲಿ ಇಬ್ಬರಿಗೂ ಜಗಳವಿರುವುದಿಲ್ಲ. ಯಾರ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು, ಎಷ್ಟು ವರ್ಷದ ಲೆಕ್ಕ ಎಂಬುದರಲ್ಲಿ ಇರುತ್ತದೆ.

## ಪುಸ್ತಕ ಕೆಳಗಿಡಬೇಕಾದ ಸೂಚನೆಗಳು

60 ಪುಟ ಆದರೂ ಒಂದು ಸಾ ಸಿಗಲಿಲ್ಲ. ಒಂದೇ ಕಂಪನಿಯ ಉದಾಹರಣೆ ಮೂರು ಅಧ್ಯಾಯಕ್ಕೂ ಬರುತ್ತಿದೆ. ಸೋತವನನ್ನು ಮೂರ್ಖನೆಂದೂ ಗೆದ್ದವನನ್ನು ದೂರದೃಷ್ಟಿಯವನೆಂದೂ ಮಾತ್ರ ಕರೆಯುತ್ತದೆ. ಪ್ರತಿ ಅಧ್ಯಾಯದ ಕೊನೆಗೂ ಲೇಖಕರ ತರಬೇತಿ ಶಿಬಿರದ ಪ್ರಸ್ತಾಪವಿದೆ. ಇವುಗಳಲ್ಲಿ ಎರಡು ಕಂಡರೆ ನಿಲ್ಲಿಸಿ. ಹಣ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಇನ್ನೂ ಹತ್ತು ಗಂಟೆ ಕೊಡಬೇಡಿ.

ಕಷ್ಟವಾಗುತ್ತಿದೆ ಎಂಬುದು ನಿಲ್ಲಿಸುವ ಸೂಚನೆಯಲ್ಲ. ಪುಟಕ್ಕೆ ನಾಲ್ಕೈದು ಗೊತ್ತಿಲ್ಲದ ಪದ ಬಂದರೆ ಎರಡು ಸಲ ಬಂದ ಪದವನ್ನು ಮಾತ್ರ ನಿಘಂಟಿನಲ್ಲಿ ನೋಡಿ, ಉಳಿದವನ್ನು ದಾಟಿ. ನಿಘಂಟಿನಲ್ಲಿ ಸಿಗದ ವ್ಯಾಪಾರದ ಪದಗಳಿಗೆ ಪದಸೂಚಿ ಹಿಡಿದು ಲೇಖಕ ಮೊದಲು ವಿವರಿಸಿದ ಪುಟಕ್ಕೆ ಹೋಗಿ.

## ಹಂತ 9: ಒಂದು ಪುಟ, ಒಂದು ಪ್ರಯೋಗ

ಪುಸ್ತಕ ಮುಚ್ಚಿಟ್ಟು, ನೋಡದೆ, ಒಂದು ಪುಟ ಬರೆಯಿರಿ: ನನ್ನ ಪ್ರಶ್ನೆ, ಪುಸ್ತಕದ ಉತ್ತರ, ಅದಕ್ಕೆ ಬೇಕಾದ ಷರತ್ತುಗಳು, ನಮ್ಮಲ್ಲಿ ಇರುವ ಷರತ್ತು, ಇಲ್ಲದ ಷರತ್ತು. ಕೊನೆಯ ಸಾಲು ಖಾಲಿಯಿದ್ದರೆ ನೀವು ಲೇಖಕನ ಕಣ್ಣಿನಿಂದಲೇ ಓದಿದ್ದೀರಿ; ಹಂತ 4ಕ್ಕೆ ಮರಳಿ.

ಪ್ರಯೋಗ ಸಣ್ಣದಿರಲಿ. ಹೋಮ್‌ಸ್ಟೇಯ ಉದಾಹರಣೆ: ಕೋಣೆಗೆ 2,000 ರೂಪಾಯಿ, ಆ್ಯಪ್ ಕಮಿಷನ್ ಶೇ 15 ಎಂದುಕೊಳ್ಳಿ. ಒಂದು ಬುಕಿಂಗ್‌ಗೆ 300 ರೂಪಾಯಿ ಹೋಗುತ್ತದೆ. ತಂಗಿ ಹೋದ ಗಿರಾಕಿಗಳಿಗೆ ಫೋನ್ ನಂಬರಿನ ಕಾರ್ಡ್ ಕೊಟ್ಟು, ಮುಂದಿನ ಸಲ ನೇರವಾಗಿ ಬಂದರೆ 150 ರಿಯಾಯಿತಿ ಎಂದು ಹೇಳಿ. ನೇರ ಬುಕಿಂಗ್ ಒಂದಕ್ಕೆ 150 ಉಳಿಯುತ್ತದೆ. ತಿಂಗಳಿಗೆ ಹತ್ತು ಬಂದರೆ 1,500. ಕಾರ್ಡಿನ ಖರ್ಚು, ಫೋನಿಗೆ ಉತ್ತರಿಸುವ ಸಮಯ ಇದರಲ್ಲಿ ಕಳೆಯಬೇಕು. ಆ್ಯಪ್‌ನೊಂದಿಗೆ ಮಾಡಿಕೊಂಡ ಕರಾರಿನಲ್ಲಿ ದರದ ಬಗ್ಗೆ ಏನಿದೆ ಎಂದು ಮೊದಲೇ ಓದಿ. ಹಾಕುವ ಹಣ ಒಂದು ತಿಂಗಳ ಲಾಭವನ್ನು ಮೀರಬಾರದು, ಅವಧಿ 90 ದಿನ, ಅಳತೆ ಒಂದೇ: ನೇರ ಬುಕಿಂಗ್‌ಗಳ ಸಂಖ್ಯೆ. ಪ್ರವಾಸಿಗರು ಕಡಿಮೆಯಿರುವ ಮಳೆಗಾಲದ 90 ದಿನವನ್ನು ಡಿಸೆಂಬರ್‌ನ 90 ದಿನಕ್ಕೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಹಿಂದಿನ ವರ್ಷದ ಅದೇ ತಿಂಗಳುಗಳ ಬುಕಿಂಗ್ ಲೆಕ್ಕದ ಪುಸ್ತಕ ತೆಗೆದು ಹೋಲಿಸಿ.

90ನೇ ದಿನದ ತಾರೀಖನ್ನು ಕ್ಯಾಲೆಂಡರಿನಲ್ಲಿ ಇಂದೇ ಬರೆದಿಡಿ. ಅಂದು ಫಲಿತಾಂಶವನ್ನು ಅದೇ ಪುಟದ ಕೆಳಗೆ ದಾಖಲಿಸಿ. ಪ್ರಯೋಗ ಕೈಕೊಟ್ಟಿದ್ದರೆ "ಪುಸ್ತಕ ಸುಳ್ಳು" ಎಂದು ಬರೆಯುವ ಮೊದಲು ಷರತ್ತುಗಳ ಪಟ್ಟಿ ನೋಡಿ, ಯಾವುದು ಇರಲಿಲ್ಲ ಎಂದು ಗುರುತಿಸಿ. ಆ ಇಲ್ಲದ ಷರತ್ತೇ ಮುಂದಿನ ಪುಸ್ತಕಕ್ಕೆ ಪ್ರಶ್ನೆ. ಅದನ್ನು ಹೊಸ ಪುಟದ ಮೇಲ್ಭಾಗದಲ್ಲಿ ಬರೆದು ಹಂತ 2ರಿಂದ ಶುರುಮಾಡಿ.